ದೂರಶಿಕ್ಷಣದ ಬಿಎಸ್ಸಿ ವಿದ್ಯಾರ್ಥಿಗೆ ವಿಜ್ಞಾನ ಕಲಿಸೋದು ಹೇಗೆ: ಮನೆಯಿಂದ ಲ್ಯಾಬ್‌ವರೆಗೆ ಹಂತ ಹಂತದ ಮಾರ್ಗದರ್ಶಿ

ಭಾನುವಾರದ ಸಂಪರ್ಕ ತರಗತಿ, ಅಂದರೆ ದೂರಶಿಕ್ಷಣದವರು ಕೇಂದ್ರಕ್ಕೆ ಬಂದು ಕಲಿಯುವ ದಿನ. ಬೆಳಿಗ್ಗೆ 10ಕ್ಕೆ ಹಾಜರಿ. 12ರವರೆಗೆ ಬೋರ್ಡಿನ ಮೇಲೆ ಥಿಯರಿ. ಆಮೇಲೆ ಊಟ. ವಿದ್ಯಾರ್ಥಿ ಉಪಕರಣ ಮುಟ್ಟುವ ಹೊತ್ತಿಗೆ ಎರಡೂವರೆ. ನಾಲ್ಕು ಗಂಟೆಗೆ ಊರಿನ ಬಸ್ಸು. ಉಳಿದದ್ದೆಲ್ಲ ಪಕ್ಕದವರ ರೆಕಾರ್ಡ್ (ಪ್ರಯೋಗದ ಪುಸ್ತಕ) ನೋಡಿ ಬರೆದದ್ದು. ಕೊನೆಗೆ 40 ಜನರ ರೆಕಾರ್ಡಿನಲ್ಲೂ ಗುರುತ್ವ ವೇಗೋತ್ಕರ್ಷ ಒಂದೇ: 9.8. ಒಬ್ಬರಿಗೂ ಒಂದು ಪಾಯಿಂಟ್ ಆಚೀಚೆ ಇಲ್ಲ!

ನಾನೂ ಒಂದು ಅಧ್ಯಯನ ಕೇಂದ್ರದಲ್ಲಿ ಹೀಗೇ ಎರಡು ಬ್ಯಾಚ್ ಹಾಳು ಮಾಡಿದ್ದೇನೆ. ತಪ್ಪು ಶ್ರಮದಲ್ಲಿ ಇರಲಿಲ್ಲ, ಕ್ರಮದಲ್ಲಿತ್ತು. ಮನೆಯಲ್ಲಿ ಆಗಬೇಕಾದ್ದನ್ನು ಲ್ಯಾಬಿನಲ್ಲಿ ಮಾಡಿಸುತ್ತಿದ್ದೆ. ಲ್ಯಾಬಿನಲ್ಲಿ ಆಗಬೇಕಾದ್ದನ್ನು "ಮನೇಲಿ ಓದ್ಕೊಳ್ಳಿ" ಅಂತ ಬಿಟ್ಟುಬಿಡುತ್ತಿದ್ದೆ. ಈ ಎರಡನ್ನೂ ಅದಲು ಬದಲು ಮಾಡುವುದು ಹೇಗೆ ಅನ್ನೋದೇ ಕೆಳಗಿನ ಹಂತಗಳು. ಉದಾಹರಣೆ ಜಾಸ್ತಿ ಭೌತಶಾಸ್ತ್ರದವು, ಯಾಕಂದರೆ ನಾನು ಕಲಿಸುವುದು ಅದನ್ನೇ. ರಸಾಯನಶಾಸ್ತ್ರ, ಕಂಪ್ಯೂಟರ್ ವಿಷಯದವರಿಗೂ ಕ್ರಮ ಇದೇ.

ಮೊದಲು ಸಾಮಾನು ಜೋಡಿಸಿಕೊಳ್ಳಿ

ನಿಮಗೆ ಬೇಕಾದ್ದು: ಕ್ಯಾಮೆರಾ ಇರುವ ಫೋನು, ಬಿಳಿ ಹಾಳೆ, ದಪ್ಪ ಸ್ಕೆಚ್ ಪೆನ್ನು, ಪ್ರತಿ ವಿದ್ಯಾರ್ಥಿಗೆ ಒಂದು ಪುಟ ಮೀಸಲಿಟ್ಟ ನೋಟ್‌ಬುಕ್.

ವಿದ್ಯಾರ್ಥಿಗೆ ಬೇಕಾದ್ದು: ಗಟ್ಟಿ ದಾರ, ಒಂದು ದಪ್ಪ ನಟ್ಟು ಅಥವಾ ಸಣ್ಣ ಬೀಗ, ಟೈಲರ್ ಟೇಪು, ಗ್ರಾಫ್ ಹಾಳೆ, ಫೋನು. ಇಷ್ಟೇ. ಬ್ರಿಟನ್ನಿನ ಓಪನ್ ಯೂನಿವರ್ಸಿಟಿ ಒಂದು ಕಾಲದಲ್ಲಿ ವಿಜ್ಞಾನದ ವಿದ್ಯಾರ್ಥಿಗಳ ಮನೆಗೇ ಪ್ರಯೋಗದ ಪೆಟ್ಟಿಗೆ ಕಳಿಸುತ್ತಿತ್ತು, ಒಳಗೆ ಪುಟ್ಟ ಸೂಕ್ಷ್ಮದರ್ಶಕವೂ ಇರುತ್ತಿತ್ತು. ನಮಗೆ ಯಾರೂ ಪೆಟ್ಟಿಗೆ ಕಳಿಸುವುದಿಲ್ಲ. ಹಾರ್ಡ್‌ವೇರ್ ಅಂಗಡಿ ಇದೆಯಲ್ಲ, ಸಾಕು.

ಹಂತ 1: ವಿದ್ಯಾರ್ಥಿಯ ವಾರ ಹೇಗಿದೆ ಅಂತ ತಿಳಿದುಕೊಳ್ಳಿ

ಪಠ್ಯ ತೆರೆಯುವ ಮೊದಲೇ ಈ ಕೆಲಸ ಆಗಬೇಕು. ಇಗ್ನೊ (ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ) ಲೆಕ್ಕದಲ್ಲಿ 1 ಕ್ರೆಡಿಟ್ ಅಂದರೆ 30 ಗಂಟೆಯ ಓದು. 4 ಕ್ರೆಡಿಟ್‌ನ ಒಂದು ಕೋರ್ಸಿಗೆ 120 ಗಂಟೆ. 16 ವಾರಕ್ಕೆ ಹಂಚಿದರೆ ವಾರಕ್ಕೆ ಏಳೂವರೆ ಗಂಟೆ. ಇಂಥ ಕೋರ್ಸು ನಾಲ್ಕಿದ್ದರೆ ವಾರಕ್ಕೆ 30 ಗಂಟೆ. ಕಾರ್ಖಾನೆಯಲ್ಲಿ ಶಿಫ್ಟ್ ಮಾಡುವ ಹುಡುಗನಿಗೆ, ಇಬ್ಬರು ಮಕ್ಕಳನ್ನು ಶಾಲೆಗೆ ಕಳಿಸಿ ಓದಲು ಕೂರುವ ಹೆಣ್ಣುಮಗಳಿಗೆ ಇದು ಆಗುವ ಮಾತಲ್ಲ.

ಆದ್ದರಿಂದ ಮೊದಲ ವಾರವೇ ಐದು ಪ್ರಶ್ನೆ ಕೇಳಿ. ದಿನಕ್ಕೆ ಯಾವ ಹೊತ್ತು ಬಿಡುವು? ಫೋನು ನಿಮ್ಮದೇನಾ, ಮನೆಯವರೆಲ್ಲ ಹಂಚಿಕೊಳ್ಳೋದಾ? ಮನೆಯೊಳಗೆ ನೆಟ್‌ವರ್ಕ್ ಸಿಗುತ್ತಾ? ಪಿಯುಸಿ ಮುಗಿಸಿ ಎಷ್ಟು ವರ್ಷ ಆಯ್ತು? ಹೈಸ್ಕೂಲು ಯಾವ ಮಾಧ್ಯಮ? ಉತ್ತರಗಳನ್ನು ನೋಟ್‌ಬುಕ್ಕಿನಲ್ಲಿ ಅವರವರ ಪುಟದಲ್ಲಿ ಬರೆದಿಡಿ.

*ಇಲ್ಲಿ ಆಗುವ ತಪ್ಪು:* ಇದನ್ನು ಆನ್‌ಲೈನ್ ಫಾರ್ಮ್‌ನಲ್ಲಿ ಕೇಳುವುದು. ನೆಟ್‌ವರ್ಕ್ ಇಲ್ಲದವರು ಫಾರ್ಮ್ ತುಂಬುವುದಿಲ್ಲ. ತುಂಬಿದವರನ್ನಷ್ಟೇ ನೋಡಿ "ಎಲ್ಲರ ಹತ್ರಾನೂ ಇಂಟರ್ನೆಟ್ ಇದೆ" ಅಂತ ನಾವು ತೀರ್ಮಾನಿಸುತ್ತೇವೆ. ಫೋನ್ ಮಾಡಿ ಕೇಳಿ, ಒಬ್ಬರಿಗೆ ಮೂರು ನಿಮಿಷ ಸಾಕು.

ಹಂತ 2: ತುಕ್ಕು ಎಲ್ಲಿ ಹಿಡಿದಿದೆ ನೋಡಿ

ಪಿಯುಸಿ ಆಗಿ ಏಳೆಂಟು ವರ್ಷವಾದ ಮೇಲೆ ಬಿಎಸ್ಸಿ ಸೇರಿದವರಿಗೆ ತೊಡಕಾಗುವುದು ಭೌತಶಾಸ್ತ್ರ ಅಲ್ಲ, ಗಣಿತದ ಕೈಕೆಲಸ. ಹತ್ತು ಪ್ರಶ್ನೆಯ ಒಂದು ಹಾಳೆ ಮಾಡಿ, ಅಂಕ ಕೊಡಬೇಡಿ. ಮಿಲಿಮೀಟರನ್ನು ಮೀಟರಿಗೆ ಬದಲಿಸುವುದು. 0.0035 ಅನ್ನು ಹತ್ತರ ಘಾತದಲ್ಲಿ ಬರೆಯುವುದು. ಲಾಗ್ ಟೇಬಲ್ ನೋಡುವುದು. ಐದು ಬಿಂದು ಗುರುತಿಸಿ ಗೆರೆ ಎಳೆದು ಅದರ ಇಳಿಜಾರು ತೆಗೆಯುವುದು, ಆ ಇಳಿಜಾರಿನ ಯೂನಿಟ್ ಹೇಳುವುದು.

ಕೊನೆಯ ಪ್ರಶ್ನೆಯನ್ನು ಮಾತ್ರ ತಪ್ಪಿಸಬೇಡಿ. ಬಿಂದುಗಳನ್ನು ಒಂದೊಂದಾಗಿ ಅಂಕುಡೊಂಕಾಗಿ ಸೇರಿಸಿದವರಿಗೆ ಗ್ರಾಫ್ ಯಾಕೆ ಬೇಕು ಅನ್ನೋದೇ ಗೊತ್ತಿಲ್ಲ ಅಂತ ಅರ್ಥ. ಅವರಿಗೆ ಮೊದಲ ಎರಡು ವಾರ ಗ್ರಾಫ್ ಒಂದನ್ನೇ ಕಲಿಸಿ. ಸಿಲಬಸ್ ಹಿಂದೆ ಬೀಳುತ್ತೆ ಅಂತ ಭಯ ಬೇಡ, ಇಲ್ಲಿ ಕಳೆದ ಎರಡು ವಾರ ಮುಂದೆ ಲ್ಯಾಬಿನಲ್ಲಿ ವಾಪಸ್ ಸಿಗುತ್ತೆ.

ಹಂತ 3: ವಾರಕ್ಕೆ ಒಂದು ಪ್ರಶ್ನೆ, ಕೈಯಲ್ಲಿ ಮಾಡುವ ಒಂದು ಕೆಲಸ

ಮುದ್ರಿತ ಪಠ್ಯವನ್ನು "ಘಟಕ 1, ಘಟಕ 2" ಅಂತ ಕೊಟ್ಟರೆ ಯಾರೂ ಓದುವುದಿಲ್ಲ. ಪ್ರತಿ ವಾರಕ್ಕೆ ಒಂದು ಅರ್ಧ ಪುಟದ ಚೀಟಿ ಮಾಡಿ. ಮೇಲೆ ಒಂದು ಪ್ರಶ್ನೆ, ಅದರ ಕೆಳಗೆ ಓದಬೇಕಾದ ಪುಟ ಸಂಖ್ಯೆಗಳು, ಕೊನೆಯಲ್ಲಿ ಮಾಡಿ ಫೋಟೊ ಕಳಿಸಬೇಕಾದ ಕೆಲಸ. "ಸರಳ ಆವರ್ತ ಚಲನೆ" ಅಂತ ತಲೆಬರಹ ಹಾಕುವ ಬದಲು "ಉಯ್ಯಾಲೆಯಲ್ಲಿ ಮಗು ಕೂತರೂ ದೊಡ್ಡವರು ಕೂತರೂ ತೂಗುವ ಹೊತ್ತು ಹೆಚ್ಚುಕಮ್ಮಿ ಒಂದೇ, ಯಾಕೆ?" ಅಂತ ಕೇಳಿ.

ಭಾಷೆಯ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ವಿವರಣೆ ಕನ್ನಡದಲ್ಲಿ ಇರಲಿ. ಪರೀಕ್ಷೆಯಲ್ಲಿ ಬರುವ ಇಂಗ್ಲಿಷ್ ಪದವನ್ನು ಹಾಗೇ ಇಟ್ಟು, ಪಕ್ಕದಲ್ಲಿ ಅದರ ಅರ್ಥವನ್ನು ಒಂದು ವಾಕ್ಯದಲ್ಲಿ ಬರೆಯಿರಿ. ಒಂದೊಂದು ಪದಕ್ಕೂ ಹೊಸ ಕನ್ನಡ ಪದ ಹುಟ್ಟಿಸಲು ಹೋದರೆ ವಿದ್ಯಾರ್ಥಿ ಎರಡು ಪದ ಬಾಯಿಪಾಠ ಮಾಡಬೇಕಾಗುತ್ತೆ, ವಿಷಯ ಮಾತ್ರ ಒಂದೂ ತಲೆಗೆ ಹೋಗುವುದಿಲ್ಲ.

ಹಂತ 4: ಮನೆಯ ಪ್ರಯೋಗ

ಇದು ಇಡೀ ಮಾರ್ಗದರ್ಶಿಯ ನಡುಗಂಬ, ನಿಧಾನವಾಗಿ ಓದಿ.

ಸರಳ ಲೋಲಕದಿಂದಲೇ ಶುರು ಮಾಡಿಸಿ. ದಾರದ ತುದಿಗೆ ನಟ್ಟು ಕಟ್ಟಿ, ಬಾಗಿಲ ಚೌಕಟ್ಟಿನ ಮೊಳೆಗೆ ತೂಗುಹಾಕಬೇಕು. ಉದ್ದವನ್ನು ಮೊಳೆಯಿಂದ ನಟ್ಟಿನ ನಡುಮಧ್ಯದವರೆಗೆ ಅಳೆಯಬೇಕು. 10 ಡಿಗ್ರಿಗಿಂತ ಜಾಸ್ತಿ ಎಳೆಯದೆ ಮೆಲ್ಲಗೆ ಬಿಡಬೇಕು. 20 ಆಂದೋಲನಕ್ಕೆ (ಒಮ್ಮೆ ಹೋಗಿ ವಾಪಸ್ ಬಂದರೆ ಒಂದು) ಎಷ್ಟು ಸೆಕೆಂಡ್ ಅಂತ ಫೋನಿನಲ್ಲಿ ನೋಡಬೇಕು. ಹೀಗೆ ಐದು ಬೇರೆ ಬೇರೆ ಉದ್ದಕ್ಕೆ ಮಾಡಿ, ಒಂದು ಆಂದೋಲನದ ಕಾಲವನ್ನು ವರ್ಗ ಮಾಡಿ, ಉದ್ದದ ಎದುರು ಗ್ರಾಫ್ ಹಾಕಿ, ಅದರ ಇಳಿಜಾರಿನಿಂದ ಗುರುತ್ವ ವೇಗೋತ್ಕರ್ಷ, ಅಂದರೆ ಜಿ ಬೆಲೆ, ತೆಗೆಯಬೇಕು.

20 ಯಾಕೆ, ಒಂದು ಸಾಲದೇ ಅಂತ ಕೇಳೇ ಕೇಳುತ್ತಾರೆ. ಕೇಳದಿದ್ದರೆ ನೀವೇ ಕೇಳಿ. ಬೆರಳು ಒತ್ತುವುದರಲ್ಲಿ ಸುಮಾರು 0.2 ಸೆಕೆಂಡ್ ಆಚೀಚೆ ಆಗುತ್ತೆ. 1 ಮೀಟರ್ ಲೋಲಕದ ಒಂದು ಆಂದೋಲನಕ್ಕೆ 2 ಸೆಕೆಂಡ್, ಅಂದರೆ ತಪ್ಪು ನೂರಕ್ಕೆ ಹತ್ತು. 20 ಆಂದೋಲನಕ್ಕೆ 40 ಸೆಕೆಂಡ್, ಅದೇ ತಪ್ಪು ಈಗ ನೂರಕ್ಕೆ ಅರ್ಧ. ಇದನ್ನು ಬೋರ್ಡಿನಲ್ಲಿ ಹೇಳಿದರೆ ಮರೆತುಹೋಗುತ್ತೆ. ಎರಡೂ ರೀತಿ ಮಾಡಿ ನೋಡಿದವರು ಮರೆಯುವುದಿಲ್ಲ.

ಫೋಟೊ ಬಂದ ಮೇಲೆ ನೀವು ನೋಡಬೇಕಾದ ಗುರುತುಗಳು ಇವು. ಬೆಂಗಳೂರಿನ ಹತ್ತಿರ ಜಿ ಬೆಲೆ ಸುಮಾರು 9.78. ಆ ಲೆಕ್ಕದಲ್ಲಿ 40 ಸೆಂಟಿಮೀಟರಿಗೆ 20 ಆಂದೋಲನ 25.4 ಸೆಕೆಂಡ್, 100 ಸೆಂಟಿಮೀಟರಿಗೆ 40.2 ಸೆಕೆಂಡ್ ಆಸುಪಾಸಿನಲ್ಲಿ ಇರಬೇಕು.

ಜಿ ಬೆಲೆ 10.8ರ ಹತ್ತಿರ ಬಂದರೆ, ಎಣಿಕೆ ತಪ್ಪಿದೆ. ಬಿಟ್ಟ ತಕ್ಷಣ "ಒಂದು" ಅಂದಿದ್ದಾರೆ, "ಸೊನ್ನೆ" ಅನ್ನಬೇಕಿತ್ತು. ಹಾಗಾಗಿ ನಿಜಕ್ಕೂ ಆಗಿದ್ದು 19 ಆಂದೋಲನ. ಇದರಷ್ಟು ಸಾಮಾನ್ಯವಾದ ತಪ್ಪನ್ನು ನಾನು ಬೇರೆ ಕಂಡಿಲ್ಲ.

ಗ್ರಾಫಿನ ಗೆರೆ ಮೂಲಬಿಂದುವಿನ ಬದಲು ಸ್ವಲ್ಪ ಮೇಲಿಂದ ಹೊರಟಿದ್ದರೆ, ಉದ್ದವನ್ನು ದಾರದ ಗಂಟಿನವರೆಗೆ ಮಾತ್ರ ಅಳೆದಿದ್ದಾರೆ. ಸ್ವಾರಸ್ಯ ಏನೆಂದರೆ, ಇಳಿಜಾರು ಮಾತ್ರ ಸರಿಯಾಗೇ ಇರುತ್ತೆ, ಜಿ ಬೆಲೆ ಕೆಡುವುದಿಲ್ಲ. ಒಂದೇ ಉದ್ದದಿಂದ ಲೆಕ್ಕ ಹಾಕಿದವರಿಗೆ ಈ ಲಾಭ ಇಲ್ಲ. ಗ್ರಾಫ್ ಯಾಕೆ ಬೇಕು ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ಉತ್ತರ ಎಲ್ಲಿ ಸಿಗುತ್ತೆ?

ಐದೂ ಬಿಂದುಗಳು ಗೆರೆಯ ಮೇಲೆ ಮುತ್ತು ಪೋಣಿಸಿದ ಹಾಗೆ ಕೂತು, ಉತ್ತರ ಸರಿಯಾಗಿ 9.8 ಬಂದಿದ್ದರೆ ಖುಷಿ ಪಡಬೇಡಿ. ಅದು ರೀಡಿಂಗ್ ಹೊಂದಿಸಿದ್ದು. ಆದರೆ ಬೈಯಲೂ ಬೇಡಿ. 9.8 ಬರದಿದ್ದರೆ ಅಂಕ ಕತ್ತರಿಸುವವರು ನಾವೇ ತಾನೆ? ಮೊದಲ ದಿನವೇ ಹೇಳಿಬಿಡಿ: ಅಂಕ ಉತ್ತರಕ್ಕಲ್ಲ, ಹೊಡೆದುಹಾಕಿದ ಗೆರೆಗಳೂ ಇರುವ ಮೂಲ ಹಾಳೆಗೆ.

ನಕಲು ತಪ್ಪಿಸಲು ಒಂದು ಉಪಾಯ. ನೋಂದಣಿ ಸಂಖ್ಯೆಯ ಕೊನೆಯ ಎರಡು ಅಂಕಿಯನ್ನು 40ಕ್ಕೆ ಕೂಡಿಸಿ, ಅಷ್ಟು ಸೆಂಟಿಮೀಟರ್ ಉದ್ದಕ್ಕೆ ಒಂದು ರೀಡಿಂಗ್ ಕಡ್ಡಾಯ ಮಾಡಿ. 37 ಬಂದವರಿಗೆ 77 ಸೆಂಟಿಮೀಟರ್. ಪಕ್ಕದವರ ಹಾಳೆ ನೋಡಿ ಪ್ರಯೋಜನ ಇರುವುದಿಲ್ಲ.

ಹಂತ 5: ಫೋನನ್ನೇ ಉಪಕರಣ ಮಾಡಿ

ಜರ್ಮನಿಯ ಆಖೆನ್ ನಗರದ ತಾಂತ್ರಿಕ ವಿಶ್ವವಿದ್ಯಾಲಯದವರು ಮಾಡಿದ ಫೈಫಾಕ್ಸ್ ಅನ್ನುವ ಆ್ಯಪ್ ಉಚಿತ. ಒಮ್ಮೆ ಇಳಿಸಿಕೊಂಡರೆ ಪ್ರಯೋಗ ಮಾಡಲು ಇಂಟರ್ನೆಟ್ ಬೇಕಿಲ್ಲ. ಫೋನಿನೊಳಗಿನ ಸೆನ್ಸರ್‌ಗಳನ್ನೇ ಅಳತೆಗೆ ಬಳಸುತ್ತೆ.

ಅದರಲ್ಲಿ ಶಬ್ದಕ್ಕೆ ಓಡುವ, ಶಬ್ದಕ್ಕೆ ನಿಲ್ಲುವ ಸ್ಟಾಪ್‌ವಾಚ್ ಇದೆ. ಎರಡು ಫೋನನ್ನು 5 ಮೀಟರ್ ದೂರದಲ್ಲಿ ಇಡಿ. ಮೊದಲ ಫೋನಿನ ಪಕ್ಕ ನಿಂತವರು ಚಪ್ಪಾಳೆ ಹೊಡೆದರೆ ಎರಡೂ ಶುರುವಾಗುತ್ತವೆ. ಎರಡನೆಯದರ ಪಕ್ಕದವರು ಹೊಡೆದರೆ ಎರಡೂ ನಿಲ್ಲುತ್ತವೆ. ಎರಡು ಫೋನಿನ ಸಮಯದ ವ್ಯತ್ಯಾಸವೇ ಶಬ್ದ 10 ಮೀಟರ್ ಸಾಗಲು ಹಿಡಿದ ಹೊತ್ತು. ಸುಮಾರು 0.029 ಸೆಕೆಂಡ್ ಬರಬೇಕು. ತೀರಾ ಬೇರೆ ಬಂದರೆ ಫ್ಯಾನ್ ಸದ್ದೋ ಗೋಡೆಯ ಪ್ರತಿಧ್ವನಿಯೋ ಸೇರಿಕೊಂಡಿದೆ. ಅಂಗಳಕ್ಕೆ ಹೋಗಿ ಮಾಡಲಿ.

*ಎಚ್ಚರ:* ಫೋನನ್ನೇ ಲೋಲಕ ಮಾಡಿ ತೂಗುವ ಪ್ರಯೋಗವೂ ಆ ಆ್ಯಪ್‌ನಲ್ಲಿದೆ. ಅದಕ್ಕೆ ಗೈರೊಸ್ಕೋಪ್ (ತಿರುಗುವಿಕೆ ಅಳೆಯುವ ಸೆನ್ಸರ್) ಬೇಕು, ಕಡಿಮೆ ಬೆಲೆಯ ಎಷ್ಟೋ ಫೋನುಗಳಲ್ಲಿ ಅದು ಇರುವುದಿಲ್ಲ. ಎಲ್ಲರಿಗೂ ಅದನ್ನೇ ಕೊಟ್ಟರೆ ಅರ್ಧ ಜನ ಮೊದಲ ಹೆಜ್ಜೆಯಲ್ಲೇ ಸೋಲುತ್ತಾರೆ. ಮೈಕ್ ಮಾತ್ರ ಎಲ್ಲ ಫೋನಿನಲ್ಲೂ ಇದೆ.

ಕಂಪ್ಯೂಟರ್ ವಿಷಯದವರಿಗೆ ಲ್ಯಾಪ್‌ಟಾಪ್ ಇಲ್ಲ ಅನ್ನೋದೇ ದೊಡ್ಡ ದೂರು. ಪೈಡ್ರಾಯ್ಡ್ ಥರದ ಆ್ಯಪ್‌ನಲ್ಲಿ ಪೈಥಾನ್ ಪ್ರೋಗ್ರಾಮು ಫೋನಿನಲ್ಲೇ ಓಡುತ್ತೆ. ಆದರೆ ಓಡಿಸುವ ಮೊದಲು ಕಾಗದದ ಮೇಲೆ ಪ್ರತಿ ಸಾಲಿಗೂ ವೇರಿಯಬಲ್ ಬೆಲೆ ಏನಾಗುತ್ತೆ ಅಂತ ಬರೆಸಿ, ಆ ಫೋಟೊ ಮೊದಲು ತರಿಸಿಕೊಳ್ಳಿ.

ಹಂತ 6: ಮನೆಯಲ್ಲಿ ಮಾಡಬಾರದ್ದನ್ನು ಬರೆದು ಕೊಡಿ

ಬಾಯಲ್ಲಿ ಹೇಳಿದರೆ ಸಾಲದು. ಚೀಟಿಯ ಮೇಲೆ ದಪ್ಪ ಅಕ್ಷರದಲ್ಲಿ ಇರಬೇಕು.

ವಿದ್ಯುತ್ ಪ್ರಯೋಗ ಏನಿದ್ದರೂ 1.5 ವೋಲ್ಟ್ ಟಾರ್ಚ್ ಸೆಲ್‌ನಲ್ಲಿ ಮಾತ್ರ. ಗೋಡೆಯ 230 ವೋಲ್ಟ್ ಪ್ಲಗ್ ಹತ್ತಿರ ಹೋಗುವಂತಿಲ್ಲ. ಪ್ರಬಲ ಆಮ್ಲ, ಕಾಸ್ಟಿಕ್ ಸೋಡ ಮನೆಗೆ ತರುವಂತಿಲ್ಲ. ಟಾಯ್ಲೆಟ್ ತೊಳೆಯುವ ಆಸಿಡ್ಡನ್ನು ಬ್ಲೀಚಿಂಗ್ ಪೌಡರ್ ಜೊತೆ ಯಾವ ಕಾರಣಕ್ಕೂ ಸೇರಿಸಬಾರದು, ಕ್ಲೋರಿನ್ ಗ್ಯಾಸ್ ಬರುತ್ತೆ, ಅದು ಪ್ರಾಣಕ್ಕೇ ಕುತ್ತು.

ಹಾಗಾದರೆ ರಸಾಯನಶಾಸ್ತ್ರಕ್ಕೆ ಮನೆಯಲ್ಲಿ ಏನೂ ಇಲ್ಲವೇ? ಆರತಿ ತಟ್ಟೆ ಇದೆ! ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಹಾಕಿದರೆ ಕೆಂಪಾಗುವುದನ್ನು ಎಲ್ಲರೂ ನೋಡಿದ್ದಾರೆ, ಅದು ಸೂಚಕದ (ಆಮ್ಲವೋ ಕ್ಷಾರವೋ ಅಂತ ಬಣ್ಣದಲ್ಲಿ ತೋರಿಸುವ ವಸ್ತು) ಬಣ್ಣ ಬದಲಾವಣೆ ಅಂತ ಯಾರೂ ಹೇಳಿಲ್ಲ, ಅಷ್ಟೇ. ಅದಕ್ಕೇ ನಿಂಬೆರಸ ಹಿಂಡಿ ಮತ್ತೆ ಹಳದಿ ಮಾಡಿಸಿ. ಎಷ್ಟು ಹನಿ ಬೇಕಾಯ್ತು ಅಂತ ಎಣಿಸಿ ಬರೆಯಲಿ. ಟೈಟ್ರೇಶನ್ನಿನ ಮೊದಲ ಪಾಠ ಮುಗಿಯಿತು. ಅರಿಶಿನ ಬರೀ ನಿಂಬೆರಸಕ್ಕೆ ಬಣ್ಣ ಬದಲಿಸುವುದಿಲ್ಲ. ದಾಸವಾಳದ ನೀರು ಆಮ್ಲಕ್ಕೆ ಗಾಢ ಗುಲಾಬಿ, ಕ್ಷಾರಕ್ಕೆ ಹಸಿರು. ಯಾವ ಕೆಲಸಕ್ಕೆ ಯಾವ ಸೂಚಕ ಅನ್ನುವ ಪ್ರಶ್ನೆ ಅಲ್ಲಿಂದ ತಾನಾಗೇ ಹುಟ್ಟುತ್ತೆ. ಸುಣ್ಣ ಕಣ್ಣಿಗೆ ಬೀಳದ ಹಾಗೆ ನೋಡಿಕೊಳ್ಳಲು ಮಾತ್ರ ಮರೆಯದೆ ಹೇಳಿ.

ಹಂತ 7: ವಿಡಿಯೊ ಚಿಕ್ಕದಿರಲಿ

ಒಂದು ವಿಡಿಯೊ, ಒಂದು ತೊಡಕು, ಏಳೆಂಟು ನಿಮಿಷ. ನಿಮ್ಮ ಮುಖ ಬೇಡ. ಹಾಳೆ, ಕೈ, ಪೆನ್ನು ಕಂಡರೆ ಸಾಕು. ಫೋನನ್ನು ಎರಡು ಡಬ್ಬಿಗಳ ನಡುವೆ ಅಡ್ಡ ಇಟ್ಟು ಕೆಳಮುಖವಾಗಿ ರೆಕಾರ್ಡ್ ಮಾಡಿ. ಮಧ್ಯದಲ್ಲಿ ಒಂದು ಕಡೆ ನಿಲ್ಲಿಸಿ "ಈಗ ಉದ್ದ ನಾಲ್ಕು ಪಟ್ಟು ಮಾಡಿದರೆ ಕಾಲ ಎಷ್ಟಾಗುತ್ತೆ? ಬರೆದುಕೊಂಡು ಆಮೇಲೆ ಮುಂದೆ ನೋಡಿ" ಅನ್ನಿ. ಗಂಟೆಗಟ್ಟಲೆ ಉಪನ್ಯಾಸ ಬೇಕಾದವರಿಗೆ ಕೇಂದ್ರ ಸರ್ಕಾರದ ಆನ್‌ಲೈನ್ ಕೋರ್ಸುಗಳ 'ಸ್ವಯಂ' ಪೋರ್ಟಲ್ ಇದ್ದೇ ಇದೆ.

ಹಂತ 8: ಲ್ಯಾಬಿನ ದಿನ

ಇಲ್ಲಿ ಎಲ್ಲರೂ ಎಡವುತ್ತಾರೆ. ಮೊದಲು ನಿಯಮ: ಬಾಗಿಲಲ್ಲೇ ಪಾಸು. ಸರ್ಕ್ಯೂಟ್ ಅಥವಾ ಚಿತ್ರ ಬರೆದು, ರೀಡಿಂಗ್ ತುಂಬಲು ಖಾಲಿ ಟೇಬಲ್ ಹಾಕಿಕೊಂಡು ಬಂದವರು ಮಾತ್ರ ನೇರ ಮೇಜಿಗೆ. ತರದವರು ಹೊರಗಿನ ಬೆಂಚಿನಲ್ಲಿ ಕೂತು ಬರೆದು ಒಳಗೆ ಬರಲಿ. ಮೊದಲ ದಿನ ಗೊಣಗುತ್ತಾರೆ. ಎರಡನೇ ದಿನ ಎಲ್ಲರೂ ಬರೆದುಕೊಂಡೇ ಬರುತ್ತಾರೆ.

ಕೇಂದ್ರ ಶಿಕ್ಷಣ ಸಚಿವಾಲಯದ ವರ್ಚುವಲ್ ಲ್ಯಾಬ್ಸ್ ತಾಣದಲ್ಲಿ ಹಲವು ಪ್ರಯೋಗಗಳ ಅನುಕರಣೆ ಇದೆ. ಅದನ್ನು ಲ್ಯಾಬಿಗೆ ಬದಲಿಯಾಗಿ ಬಳಸಬೇಡಿ, ಹಿಂದಿನ ವಾರದ ತಾಲೀಮಾಗಿ ಬಳಸಿ. ಯಾವ ತಿರುಪು ಎಲ್ಲಿದೆ, ಯಾವುದರ ನಂತರ ಯಾವುದು ಅಂತ ಗೊತ್ತಾಗುತ್ತೆ. ತಿರುಪು ಬಿಗಿಯಾಗಿದ್ದರೆ ಏನು ಮಾಡೋದು ಅನ್ನೋದು ಪರದೆಯ ಮೇಲೆ ಗೊತ್ತಾಗುವುದಿಲ್ಲ.

ಬೆಳಿಗ್ಗೆ 10ಕ್ಕೆ ಉಪಕರಣ ಕೈಗೆ ಕೊಡಿ. ಥಿಯರಿ ಊಟದ ಮೇಲೆ. ಆಗ ಅವರ ಹತ್ತಿರ ರೀಡಿಂಗೂ ಇರುತ್ತೆ, ಪ್ರಶ್ನೆಯೂ ಇರುತ್ತೆ. ಒಂದು ಉಪಕರಣಕ್ಕೆ ಇಬ್ಬರಿಗಿಂತ ಜಾಸ್ತಿ ಬೇಡ. ಅರ್ಧ ದಾರಿಯಲ್ಲಿ ಇಬ್ಬರೂ ಜಾಗ ಬದಲಿಸಬೇಕು: ಅಳೆಯುತ್ತಿದ್ದವರು ಬರೆಯಲಿ, ಬರೆಯುತ್ತಿದ್ದವರು ಅಳೆಯಲಿ.

ಸ್ಪೆಕ್ಟ್ರೊಮೀಟರ್ (ಬೆಳಕಿನ ಗೆರೆಗಳ ಕೋನ ಅಳೆಯುವ ಉಪಕರಣ) ಮುಂದೆ ಮಾತ್ರ ನೀವೇ ನಿಲ್ಲಿ. ಟೆಲಿಸ್ಕೋಪನ್ನು ಕಿಟಕಿಯಾಚೆಯ ದೂರದ ಮರಕ್ಕೆ ಹೊಂದಿಸದೆ ನೇರ ಸೀಳುಗಂಡಿ ನೋಡಲು ಹೋಗುವವರೇ ಜಾಸ್ತಿ. ಆಮೇಲೆ ಇಡೀ ಬೆಳಿಗ್ಗೆ ಮಸುಕು ಗೆರೆಯ ಜೊತೆ ಗುದ್ದಾಟ. ವರ್ನಿಯರ್ ಓದುವುದರಲ್ಲೂ ಹೀಗೇ. ಮುಖ್ಯ ಸ್ಕೇಲಿನ ಒಂದು ಮನೆ ಅರ್ಧ ಡಿಗ್ರಿ, ವರ್ನಿಯರ್‌ನಲ್ಲಿ 30 ಮನೆ ಇದ್ದರೆ ಲೀಸ್ಟ್ ಕೌಂಟ್, ಅಂದರೆ ಓದಬಹುದಾದ ಅತಿ ಚಿಕ್ಕ ಅಳತೆ, 1 ಮಿನಿಟ್. 60 ಮಿನಿಟಿಗೆ ಒಂದು ಡಿಗ್ರಿ ಅನ್ನೋದನ್ನು ಮರೆತು, 12 ಡಿಗ್ರಿ 15 ಮಿನಿಟನ್ನು 12.15 ಅಂತ ಬರೆಯುತ್ತಾರೆ. ಅದು 12.25 ಆಗಬೇಕು.

*ಅಪಾಯದ ಗುರುತು:* ಒಬ್ಬರು ಉಪಕರಣದ ಮುಂದೆ, ಮೂವರು ಪೆನ್ನು ಹಿಡಿದು ಹಿಂದೆ. ಇದನ್ನು ಕಂಡ ಕೂಡಲೆ ಪೆನ್ನು ಹಿಡಿದವರಲ್ಲಿ ಒಬ್ಬರಿಗೆ "ಈ ಒಂದು ರೀಡಿಂಗ್ ನೀವು ತಗೊಂಡು ತೋರಿಸಿ" ಅನ್ನಿ. ವೈವಾ (ಮೌಖಿಕ ಪರೀಕ್ಷೆ) ಅಂದರೆ ಇದೇ. ಕೊನೆಯ ದಿನದವರೆಗೆ ಕಾಯಬೇಡಿ, ದಿನಾ ಪ್ರತಿಯೊಬ್ಬರಿಗೂ ಎರಡು ನಿಮಿಷ.

ಹಂತ 9: ವಾರದ ಸಂದೇಹ ಗಂಟೆ

ರಾತ್ರಿ 8ರ ಮೇಲೆ, ಒಂದೇ ದಿನ, ಒಂದೇ ಹೊತ್ತು. ಪ್ರಶ್ನೆ ಬರೀ ಮಾತಲ್ಲಿ ಬೇಡ, ಎಲ್ಲಿಯವರೆಗೆ ಮಾಡಿದ್ದಾರೋ ಆ ಹಾಳೆಯ ಫೋಟೊ ಇರಲಿ. ವಾಟ್ಸ್ಆ್ಯಪ್ ಗುಂಪಿನಲ್ಲಿ ಶುಭೋದಯಕ್ಕೆ ಮೊದಲ ದಿನವೇ ಬೀಗ ಹಾಕಿ. ಇಲ್ಲದಿದ್ದರೆ ಸೂರ್ಯೋದಯದ ಚಿತ್ರಗಳ ಕೆಳಗೆ ಸಂದೇಹಗಳು ಹೂತುಹೋಗುತ್ತವೆ.

"ಅರ್ಥ ಆಯ್ತಾ?" ಅಂತ ಕೇಳಬೇಡಿ. "ಆಯ್ತು ಸರ್", "ಆಯ್ತು ಮೇಡಂ" ಅಂತಲೇ ಬರುತ್ತೆ. "ಇದೇ ಲೋಲಕವನ್ನು ಚಂದ್ರನ ಮೇಲೆ ಇಟ್ಟರೆ ನಿಧಾನವಾ, ಬೇಗವಾ?" ಅಂತ ಕೇಳಿ, ಉತ್ತರಕ್ಕೆ ಕಾಯಿರಿ.

ಹಂತ 10: ಅಸೈನ್‌ಮೆಂಟ್ ಹತ್ತು ದಿನದೊಳಗೆ ವಾಪಸ್

ಸೆಮಿಸ್ಟರ್ ಮುಗಿದ ಮೇಲೆ ಬರುವ ಅಂಕದಿಂದ ಯಾರೂ ಏನೂ ಕಲಿಯುವುದಿಲ್ಲ. ಪ್ರತಿ ಹಾಳೆಗೂ ಎರಡು ಸಾಲು ಬರೆಯಿರಿ: ಸರಿ ಇರುವುದು ಒಂದು, ತಿದ್ದಬೇಕಾದ್ದು ಒಂದು. ಹತ್ತು ತಪ್ಪು ಕಂಡರೂ ಒಂದನ್ನೇ ಬರೆಯಿರಿ. ಒಂದೇ ತಪ್ಪು ಹತ್ತು ಜನ ಮಾಡಿದ್ದರೆ ಅದು ಅವರ ತಪ್ಪಲ್ಲ, ನಿಮ್ಮ ಚೀಟಿಯಲ್ಲಿ ಏನೋ ಗೊಂದಲ ಇದೆ. ಚೀಟಿ ತಿದ್ದಿ.

ಹಂತ 11: ಮೌನವಾದವರಿಗೆ ಫೋನ್ ಮಾಡಿ

ಎರಡು ವಾರ ಫೋಟೊ ಬರಲಿಲ್ಲ ಅಂದರೆ ಬಿಟ್ಟುಹೋಗುವ ಹಾದಿಯಲ್ಲಿದ್ದಾರೆ ಅಂತಲೇ ತಿಳಿಯಿರಿ. ಗುಂಪಿನಲ್ಲಿ ಹೆಸರು ಹಾಕಿ ನೆನಪಿಸಬೇಡಿ, ನಾಚಿಕೆಗೆ ಇನ್ನೂ ದೂರ ಹೋಗುತ್ತಾರೆ. ನಿಮ್ಮ ನೋಟ್‌ಬುಕ್ಕಿನಲ್ಲಿ ಅವರ ಬಿಡುವಿನ ಹೊತ್ತು ಇದೆಯಲ್ಲ, ಆ ಹೊತ್ತಿಗೇ ಫೋನ್ ಮಾಡಿ. "ಯಾಕೆ ಕಳಿಸಿಲ್ಲ?" ಬೇಡ. "ಯಾವ ಪುಟದಲ್ಲಿದ್ದೀರಿ?" ಅಂತ ಕೇಳಿ.

ಪುಟ ಹೇಳಿದರೆ ಅಲ್ಲಿಂದಲೇ ಮುಂದುವರಿಸಿ, ಬಿಟ್ಟ ವಾರಗಳನ್ನು ಆಮೇಲೆ ನೋಡೋಣ ಅನ್ನಿ. "ಪುಸ್ತಕ ಇನ್ನೂ ಕೈಗೆ ಬಂದೇ ಇಲ್ಲ" ಅಂದರೆ, ಫೋನ್ ಇಟ್ಟ ಕೂಡಲೆ ಆ ವಾರದ ಪುಟಗಳ ಫೋಟೊ ತೆಗೆದು ಕಳಿಸಿ. ಜೊತೆಗೆ ದಾರ, ನಟ್ಟು, ಟೇಪು ಇದೆಯಾ ಅಂತಲೂ ಒಂದು ಮಾತು ಕೇಳಿ.